ಹಳೆಯ ಗಣಕಯಂತ್ರವೂ ಹೊಸ ಕಾರ್ಯವ್ಯವಸ್ಥೆಯೂ

2025ನೆಯ ಇಸವಿಯ ದೀಪಾವಳಿಗೆ ತುಸು ಮೊದಲು, ಅಕ್ಟೋಬರ್ 14ರಂದು, ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ನಿರ್ಮಾಪಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ನೀಡುತ್ತಿದ್ದ ನಿಯತ ಬೆಂಬಲವು ಕೊನೆಗೊಂಡಿತು. ಅಂದಿನಿಂದ ನಮ್ಮ ಪಾಲಕರಲ್ಲಿ ಹಲವರು, "ಮನೆಯ ಕಂಪ್ಯೂಟರು ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಮಾಸ್ತರೇ, ಬದಲಾಯಿಸಲೇಬೇಕೆ?" ಎಂದು ಕೇಳುತ್ತಿದ್ದಾರೆ. ಶಾಲೆಯ ಯಂತ್ರಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಾವೂ ಎದುರಿಸಬೇಕಾಯಿತು. ಆಗ ನಾವು ತಿಳಿದುಕೊಂಡುದನ್ನೂ, ತಿಳಿಯದೆ ಎಡವಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಕಾರ್ಯವ್ಯವಸ್ಥೆ ಎಂದರೇನು? ನಮ್ಮ ಮುಂಬಯಿಯ ಯಾವುದಾದರೊಂದು ಚಾಳನ್ನು ನೆನೆಯಿರಿ. ಕೋಣೆಗೊಂದು ಸಂಸಾರ, ಆದರೆ ನೀರು ಯಾವಾಗ ಬಿಡಬೇಕು, ಮಹಾದ್ವಾರದ ಬೀಗದ ಕೈ ಯಾರಲ್ಲಿರಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ವ್ಯವಸ್ಥಾಪಕನೊಬ್ಬನು ಇರುತ್ತಾನೆ. ಗಣಕಯಂತ್ರದಲ್ಲಿ ಬರೆಯುವ, ಲೆಕ್ಕಮಾಡುವ, ಚಿತ್ರ ತೋರಿಸುವ ತಂತ್ರಾಂಶಗಳು ಆ ಸಂಸಾರಗಳಂತೆ, ಕಾರ್ಯವ್ಯವಸ್ಥೆಯು ವ್ಯವಸ್ಥಾಪಕನಂತೆ. ಅವನು ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಮಾಡದಿದ್ದಾಗ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಬೆಂಬಲ ನಿಂತ ಮಾತ್ರಕ್ಕೆ ಯಂತ್ರವು ನಿಲ್ಲುವುದಿಲ್ಲ. ಮರುದಿನವೂ ಅದು ಎಂದಿನಂತೆಯೇ ತೆರೆದುಕೊಳ್ಳುತ್ತದೆ. ನಿಲ್ಲುವುದು ತೇಪೆಯ ಕೆಲಸ. ಕೋಟಿಗಟ್ಟಲೆ ಸಾಲುಗಳುಳ್ಳ ಈ ಬರವಣಿಗೆಯಲ್ಲಿ ದೋಷಗಳು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಕೆಲವು ಕಳ್ಳನು ನುಸುಳಬಹುದಾದ ಬಿರುಕುಗಳು. ಮೈಕ್ರೋಸಾಫ್ಟಿನವರು ಸಾಮಾನ್ಯವಾಗಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಥ ಬಿರುಕುಗಳಿಗೆ ತೇಪೆಗಳನ್ನು ಕಳುಹಿಸುತ್ತಾರೆ. ಬೆಂಬಲ ಮುಗಿದ ವ್ಯವಸ್ಥೆಗೆ ಅವು ಬರುವುದಿಲ್ಲ.

ಇದರಿಂದ ಆಗುವ ಕೇಡೆಷ್ಟು ಎಂಬುದಕ್ಕೆ 2017ರ ಮೇ 12ರ ಘಟನೆಯೇ ಸಾಕ್ಷಿ. ಅಂದು ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಯಂತ್ರಗಳೊಳಗೆ ಹೊಕ್ಕು, ಅಲ್ಲಿದ್ದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಆ ಬಿರುಕಿಗೆ ತೇಪೆಯು ಅದೇ ವರ್ಷದ ಮಾರ್ಚಿಯಲ್ಲಿಯೇ ಬಂದಿತ್ತು. ಪೆಟ್ಟು ತಿಂದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅದಕ್ಕೆ ಆಗಿನ್ನೂ ಬೆಂಬಲವಿತ್ತು. ತೇಪೆಯನ್ನು ಹಾಕಿಕೊಳ್ಳದೆ ಉಳಿದಿದ್ದವು, ಅಷ್ಟೆ. ತೇಪೆ ಬಂದೂ ಹಾಕಿಕೊಳ್ಳದವರ ಪಾಡು ಇದಾದರೆ, ತೇಪೆಯೇ ಬಾರದವರ ಪಾಡೇನು? ಇನ್ನೊಂದು ಸೂಕ್ಷ್ಮವೂ ಉಂಟು. ಹೊಸ ವ್ಯವಸ್ಥೆಯ ಬರವಣಿಗೆಯಲ್ಲಿ ಬಹಳಷ್ಟು ಹಳೆಯದರಿಂದಲೇ ಬಂದುದು. ಹೊಸದಕ್ಕೆ ತೇಪೆ ಹಾಕಿದಾಗಲೆಲ್ಲ ಬಿರುಕು ಎಲ್ಲಿತ್ತೆಂಬುದು ಬಲ್ಲವರಿಗೆ ತಿಳಿಯುತ್ತದೆ; ಹಳೆಯದರಲ್ಲಿ ಅದೇ ಸ್ಥಳವು ತೆರೆದೇ ಉಳಿದಿರುತ್ತದೆ.

ಹಾಗಾದರೆ ಎಲ್ಲ ಯಂತ್ರಗಳಿಗೂ 2021ರಲ್ಲಿ ಬಂದ ವಿಂಡೋಸ್ 11ನ್ನು ಹಾಕಿಬಿಡಬಹುದಲ್ಲವೇ ಎಂದರೆ, ಅದು ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಅದಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹಸ್ಥಳ ಇದ್ದರೆ ಸಾಲದು, ಟಿಪಿಎಂ 2.0 ಎಂಬ, ಗೂಢಲಿಪಿಯ ಕೀಲಿಗಳನ್ನು ಕಾಪಾಡುವ ಏರ್ಪಾಡು ಯಂತ್ರದಲ್ಲಿರಬೇಕು. ಇಂಟೆಲ್ ಸಂಸ್ಥೆಯ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದು, ಎಂದರೆ 2017ರ ಈಚಿನದು, ಆಗಿರಬೇಕು. ನಮ್ಮ ಪ್ರಯೋಗಶಾಲೆಯ ಹನ್ನೊಂದು ಯಂತ್ರಗಳಲ್ಲಿ ಏಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾದವು. ದಾನಿಗಳಿಂದ ಬಂದ ನಾಲ್ಕು ಅನುತ್ತೀರ್ಣವಾದವು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವರೊಬ್ಬರು, "ನಾಲ್ಕನ್ನೂ ಭಂಗಾರಕ್ಕೆ ಹಾಕಿ" ಎಂದರು. ಇನ್ನೊಬ್ಬರು ಪರೀಕ್ಷೆಯನ್ನು ತಪ್ಪಿಸಿ ಹಿಂಬಾಗಿಲಿನಿಂದ ಹೊಸ ವ್ಯವಸ್ಥೆಯನ್ನು ತುರುಕಿಕೊಡುವೆವೆಂದರು. ಎರಡು ಸಲಹೆಗಳೂ ನಮಗೆ ರುಚಿಸಲಿಲ್ಲ. ಅಂಥ ಯಂತ್ರಗಳಿಗೆ ಮುಂದೆ ತೇಪೆಗಳು ಬಂದೇ ಬರುವುವೆಂಬ ಭರವಸೆಯನ್ನು ನಿರ್ಮಾಪಕರೇ ಕೊಡುವುದಿಲ್ಲ. ಯಾವುದಕ್ಕಾಗಿ ಬದಲಾವಣೆಯೋ ಅದೇ ಅನಿಶ್ಚಿತವಾದರೆ ಬದಲಾಯಿಸಿ ಫಲವೇನು? ಆ ನಾಲ್ಕಕ್ಕೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸಿದೆವು. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಬಹುಕಾಲದಿಂದ ಇದರಲ್ಲಿಯೇ ಕಲಿಯುತ್ತಿದ್ದಾರೆ. ಮೊದಲ ವಾರ ನಮ್ಮ ಎಂಟನೆಯ ತರಗತಿಯವರು ಗೊಣಗಿದರು. ಈಗ ಅದರಲ್ಲಿ ಅವರೇ ನಮಗಿಂತ ಚುರುಕು.

ಹಣ ತೆತ್ತು ಹಳೆಯದಕ್ಕೇ ಇನ್ನಷ್ಟು ಕಾಲ ತೇಪೆ ಪಡೆಯುವ ಮಾರ್ಗವನ್ನೂ ಸಂಸ್ಥೆಯವರು ಘೋಷಿಸಿದರು. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದೂ, ಪರವಾನಿಗೆಯ ಒಪ್ಪಂದವುಳ್ಳ ವಿದ್ಯಾಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರಕ್ಕೆ ಒಂದು ಡಾಲರ್, ಅನಂತರ ಎರಡು, ಬಳಿಕ ನಾಲ್ಕು ಎಂದೂ ಗೊತ್ತುಮಾಡಿದರು. ಹೊಸ ಯಂತ್ರಕ್ಕೆ ಹಣ ಕೂಡಿಸುತ್ತಿರುವವರಿಗೆ ಇದು ತಕ್ಕ ಉಪಾಯ. ಆದರೆ ಇದು ವಾಯಿದೆಯೇ ಹೊರತು ಪರಿಹಾರವಲ್ಲ.

ನಮಗೆ ನಿಜವಾಗಿ ತಲೆನೋವಾದುದು ಕಚೇರಿಯ ಮೂಲೆಯಲ್ಲಿದ್ದ ಒಂದೇ ಒಂದು ಯಂತ್ರ. ಅದರಲ್ಲಿದ್ದುದು ವಿಂಡೋಸ್ 7. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. 2023ರಿಂದೀಚೆಗೆ ಕ್ರೋಮ್ ಜಾಲದರ್ಶಕದ ಹೊಸ ಆವೃತ್ತಿಗಳೂ ಅದರಲ್ಲಿ ನಡೆಯುವುದಿಲ್ಲ. ಪರೀಕ್ಷಾ ಮಂಡಳಿಯ ಅರ್ಜಿಗಳನ್ನು ಜಾಲದ ಮೂಲಕವೇ ತುಂಬಬೇಕಾಗಿರುವಾಗ, ಮಕ್ಕಳ ಹೆಸರು, ಜನ್ಮದಿನಗಳನ್ನೆಲ್ಲ ಅಂಥ ಯಂತ್ರದಲ್ಲಿ ಇರಿಸುವುದು ಸಲ್ಲದು. ಹಾಗೆಂದು ಅದನ್ನು ಒರೆಸಿ ಹೊಸದು ಮಾಡೋಣವೆಂದರೆ, ಈ ವಾರ್ಷಿಕ ಸಂಚಿಕೆಯ ಹಿಂದಿನ ಹದಿನಾರು ವರ್ಷಗಳ ಬರಹಗಳೆಲ್ಲ ಅದರಲ್ಲಿಯೇ ಇದ್ದವು. ಅವುಗಳಲ್ಲಿ ಮೊದಲ ಕೆಲವು ಸಂಚಿಕೆಗಳ ಮುದ್ರಿತ ಪ್ರತಿಗಳು ಮಳೆಗಾಲದ ತೇವಕ್ಕೆ ಸಿಕ್ಕಿ ಹಾಳಾಗಿವೆ.

ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ಏಳನೆಯ ತರಗತಿಯಲ್ಲಿ ಅಜ್ಜಿಯ ಕುರಿತು ಬರೆದ ಲೇಖನವನ್ನು ಕೇಳಿಕೊಂಡು ಬಂದಳು. ಅಜ್ಜಿ ತೀರಿಕೊಂಡಿದ್ದರು. ಕಡತವನ್ನು ಪ್ರಯೋಗಶಾಲೆಯ ಹೊಸ ಯಂತ್ರಕ್ಕೆ ತಂದು ತೆರೆದೆವು. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ! ಹುಡುಗಿಯ ಮುಖ ಬಾಡಿತು, ನಮಗೂ ಗಾಬರಿಯಾಯಿತು.

ಕಾರಣವಿಷ್ಟೆ. ನುಡಿ ಮೊದಲಾದ ಹಳೆಯ ಲಿಪಿತಂತ್ರಾಂಶಗಳು ಕನ್ನಡಕ್ಕೆ ಉಪಕಾರ ಮಾಡಿದುದು ನಿಜ. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡ ಅಕ್ಷರಗಳ ತುಂಡುಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಒತ್ತುಗಳನ್ನು, ಕೂರಿಸಲಾಗಿತ್ತು. ಆ ಫಾಂಟು ಇದ್ದಲ್ಲಿ ಕನ್ನಡ. ಇಲ್ಲದಲ್ಲಿ ಬರಿಯ ಗೋಜಲು. ಯೂನಿಕೋಡ್ ಪದ್ಧತಿಯಲ್ಲಿಯಾದರೋ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳುಂಟು. ಯಾವ ಯಂತ್ರದಲ್ಲಿಯಾಗಲಿ, ದೂರವಾಣಿಯಲ್ಲಿಯಾಗಲಿ 'ಕ' ಎಂಬುದು 'ಕ' ಆಗಿಯೇ ಉಳಿಯುತ್ತದೆ. ಹಳೆಯ ಫಾಂಟನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಿದೊಡನೆ ಅಜ್ಜಿಯ ಲೇಖನ ಓದಲು ಬಂದಿತು. ಆದರೆ ಪೇಜ್‌ಮೇಕರ್‌ನಲ್ಲಿ ಪುಟ ಜೋಡಿಸಿದ್ದ ಸಂಚಿಕೆಗಳು ಹಾಗೆ ಸುಲಭವಾಗಿ ತೆರೆಯಲಿಲ್ಲ. ಆ ತಂತ್ರಾಂಶದ ಏಳನೆಯ ಆವೃತ್ತಿಯೇ ಕಡೆಯದು. ಅದು ಬಂದುದು 2001ರಲ್ಲಿ.

ಆದಕಾರಣ ನಾವು ಮಾಡಿದ ಏರ್ಪಾಡು ಹೀಗಿದೆ. ಮೊದಲು ಹಳೆಯ ಯಂತ್ರದ ಕಡತಗಳನ್ನೆಲ್ಲ ಎರಡು ಬೇರೆ ಬೇರೆ ತಟ್ಟೆಗಳಿಗೆ ನಕಲು ಮಾಡಿಕೊಂಡೆವು. ಒಂದು ಶಾಲೆಯ ಕಪಾಟಿನಲ್ಲಿದೆ, ಇನ್ನೊಂದು ಮುಖ್ಯೋಪಾಧ್ಯಾಯರ ಮನೆಯಲ್ಲಿದೆ. ಕಚೇರಿಯ ಕೆಲಸಕ್ಕೆ ಒಂದು ಹೊಸ ಯಂತ್ರವನ್ನು ಕೊಂಡೆವು. ಹಳೆಯದರ ಜಾಲದ ತಂತಿಯನ್ನು ಕಿತ್ತೆವು; ಹೊರಗಿನ ಪೆನ್‌ಡ್ರೈವುಗಳನ್ನು ಅದಕ್ಕೆ ಚುಚ್ಚಕೂಡದೆಂದು ಚೀಟಿ ಅಂಟಿಸಿದೆವು. ಅದೀಗ ಹಳೆಯ ಸಂಚಿಕೆಗಳನ್ನು ತೆರೆಯುವುದಕ್ಕಷ್ಟೇ ಉಳಿದಿದೆ. ಅಲ್ಲಿ ಪ್ರತಿ ಸಂಚಿಕೆಯನ್ನೂ ಪಿಡಿಎಫ್ ರೂಪಕ್ಕೆ ತರುತ್ತೇವೆ; ಅದರಲ್ಲಿ ಅಕ್ಷರಗಳ ಆಕಾರವೂ ಅಡಕವಾಗುವುದರಿಂದ ಪುಟವು ಇದ್ದಂತೆಯೇ ಉಳಿಯುತ್ತದೆ. ಬಳಿಕ ಲೇಖನಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಇಳಿಸುತ್ತೇವೆ. ಪರಿವರ್ತಕವು ಅರ್ಕಾವತ್ತಿನಲ್ಲಿಯೂ ಒತ್ತಕ್ಷರಗಳಲ್ಲಿಯೂ ಆಗಾಗ ಮುಗ್ಗರಿಸುವುದರಿಂದ ಒಬ್ಬರು ಓದಿ, ಒಬ್ಬರು ತಿದ್ದಬೇಕಾಗುತ್ತದೆ.

ಈವರೆಗೆ ಆರು ಸಂಚಿಕೆಗಳು ಮುಗಿದಿವೆ, ಹತ್ತು ಉಳಿದಿವೆ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಒಂಬತ್ತನೆಯ ತರಗತಿಯ ಐವರು ಈ ಕೆಲಸಕ್ಕೆ ಕೂಡುತ್ತಾರೆ. ಕನ್ನಡ ಓದಬಲ್ಲ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಬಂದರೆ ಕುರ್ಚಿಗಳಿಗೇನೂ ಕೊರತೆಯಿಲ್ಲ.