ಹಾವಿನ ಮುಂದೂ ಡವಡವ, ಬಡ್ಡಿ ಮುಂದೂ ಡವಡವ!

ಸಿಂದಗಿ: ತೊಗರಿ ಹೂವಿಗೆ ಬಂದಾಗ ಮೋಡ ಕವಿದರೆ ರೈತನ ಮುಖ ಬಾಡುತ್ತದೆ. ರೈತನ ಮುಖ ಬಾಡಿದರೆ ಬಜಾರದ ಅಂಗಡಿಕಾರನ ಉದ್ರಿ ಖಾತೆ ಊದಿಕೊಳ್ಳುತ್ತದೆ. ಮಳೆ ಕಡಿಮೆಯಾದರೂ ತ್ರಾಸು, ಹೆಚ್ಚಾದರೂ ತ್ರಾಸು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನು ಈ ಕಡೆಯ ಜನ ಮರೆತಿಲ್ಲ. ನೀರು ಇಳಿಯಿತು, ಚಿಂತೆ ಇಳಿಯಲಿಲ್ಲ.

ಈ ಚಿಂತೆ ತಲೆಯಲ್ಲಷ್ಟೇ ಕೂಡುವ ಗಿರಾಕಿಯಲ್ಲ, ಮೈತುಂಬ ಓಡಾಡುತ್ತದೆ. ದವಾಖಾನೆಗೆ ಬಂದವರು "ನನಗ ಚಿಂತಿ ಅದರಿ" ಎನ್ನುವುದು ಅಪರೂಪ. "ಎದಿ ಡವಡವ ಅಂತದರಿ, ಗ್ಯಾಸ್ ಆಗ್ಯದ, ರಾತ್ರಿ ನಿದ್ದಿ ಬರಂಗಿಲ್ಲ" ಎಂದೇ ಮಾತು ಶುರು. ಗ್ಯಾಸಿನ ಗುಳಿಗೆ ನುಂಗಿ ಮನೆಗೆ ಹೋದರೆ ಮರುದಿನ ಮತ್ತೆ ಅದೇ ಹಾಡು.

ಹೊಲದ ಬದುವಿನಲ್ಲಿ ಹಾವು ಹೆಡೆ ಎತ್ತಿತೆನ್ನಿ. ಆ ಕ್ಷಣವೇ ಮಿದುಳು, ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಸಣ್ಣ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುತ್ತದೆ. ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಗೆ ತೆಗೆಯುತ್ತದೆ. ಹೊಟ್ಟೆಗೆ ಹೋಗಬೇಕಾದ ರಕ್ತ ಕೈಕಾಲುಗಳತ್ತ ತಿರುಗುತ್ತದೆ. ಬಾಯಿ ಒಣಗುವುದು, ಅಂಗೈ ಬೆವರುವುದು, ಹೊಟ್ಟೆ ಕಲಸಿದಂತಾಗುವುದು ಇದರಿಂದಲೇ. ಹೊಡಿ, ಇಲ್ಲವೆ ಓಡು! ಇದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ಪುಸ್ತಕ ಬರೆದು ವಿವರಿಸಿದ್ದರು.

ಹಾವು ಸರಿದು ಹೋದರೆ ಸ್ವಲ್ಪ ಹೊತ್ತಿಗೆ ಮೈ ತಣ್ಣಗಾಗುತ್ತದೆ. ಆದರೆ ಬಡ್ಡಿಯ ತಾರೀಖು ಬಿಲ ಸೇರುವ ಪ್ರಾಣಿಯಲ್ಲ. ಅದನ್ನು ಹೊಡೆಯಲೂ ಬಾರದು, ಬಿಟ್ಟು ಓಡಲೂ ಬಾರದು. ಪಾಪ, ಮೈಗೆ ಈ ವ್ಯತ್ಯಾಸ ತಿಳಿಯದು. ಅದೇ ಗ್ರಂಥಿಗಳು ಕಾರ್ಟಿಸೋಲ್ ಎಂಬ ಇನ್ನೊಂದು ರಸವನ್ನೂ ಸುರಿಸುತ್ತವೆ. ಅಲ್ಪಕಾಲಕ್ಕೆ ಅದು ಉಪಕಾರಿ. ತಿಂಗಳುಗಟ್ಟಲೆ ಏರಿಯೇ ನಿಂತರೆ ನಿದ್ದೆ ಕೆಡುತ್ತದೆ, ಬಿ.ಪಿ. ಏರುತ್ತದೆ, ಸಕ್ಕರೆ ಕಾಯಿಲೆಯವರ ಸಕ್ಕರೆ ಹತೋಟಿಗೆ ಬರುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಚಳಿಯಿರಲಿ, ಗಾಯವಿರಲಿ, ಅತಿ ದುಡಿತವಿರಲಿ, ಇಲಿಗಳ ಮೈ ಒಂದೇ ರೀತಿ ಕೆಡುವುದನ್ನು ಕೆನಡಾದಲ್ಲಿದ್ದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ತೋರಿಸಿದರು. ಗ್ರಂಥಿಗಳು ಊದಿದ್ದವು, ಜಠರದಲ್ಲಿ ಹುಣ್ಣಾಗಿದ್ದವು.

ಚಿಂತೆ ಕಳೆಯಲೆಂದು ಬೀಡಿ ಹಚ್ಚುವವರಿಗೇನೂ ಕೊರತೆಯಿಲ್ಲ. ಹೊಗೆಯೊಳಗಿನ ನಿಕೋಟಿನ್ ಅದೇ ಎದೆಬಡಿತವನ್ನು ಇನ್ನಷ್ಟು ಏರಿಸುತ್ತದೆ. ಅದಕ್ಕಿಂತ, ವಿಜಯಪುರದ ಬಸ್ಸಿನಲ್ಲಿ ಕೂತಾಗ ಮೆಲ್ಲಗೆ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು ವಾಸಿ. ಉಸಿರು ಹೊರಬೀಳುವಾಗ ಹೃದಯದ ಬಡಿತ ತಾನಾಗಿ ಇಳಿಯುತ್ತದೆ. ಸಾಲ ತೀರುವುದಿಲ್ಲ, ನಿಜ. ಟಿಕೇಟಿನ ಮೇಲೆ ಬೇರೆ ಖರ್ಚೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಎದೆಯ ಮೇಲೆ ಕಲ್ಲಿಟ್ಟಂಥ ಭಾರ, ಎಡಗೈಗೋ ದವಡೆಗೋ ಹಬ್ಬುವ ನೋವು, ತಣ್ಣನೆಯ ಬೆವರು ಬಂದರೆ "ಗ್ಯಾಸ್ ಇರಬೇಕು", "ಟೆನ್ಷನ್ ಇರಬೇಕು" ಎಂದು ಅಂಗಡಿಯಲ್ಲಿ ಕೂಡುವಂತಿಲ್ಲ. ಕೂಡಲೇ 108ಕ್ಕೆ ಫೋನು ಮಾಡಿ ಆಸ್ಪತ್ರೆ ಸೇರಬೇಕು.

ಇನ್ನು ಮನಸ್ಸಿನ ಭಾರ. ಅದಕ್ಕೂ ಹಳ್ಳಿಯ ಹತ್ತಿರವೇ ಔಷಧ ಸಿಗಬೇಕೆಂದು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತ್ತು. ಮುಂದೆ ದೇಶಕ್ಕೆಲ್ಲ ಅದೇ ಮಾದರಿಯಾಯಿತು. 2022ರ ಅಕ್ಟೋಬರದಿಂದ ಟೆಲಿ ಮಾನಸ್ ಸಹಾಯವಾಣಿಯಿದೆ. ನಂಬರು 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಉದ್ರಿಯ ಲೆಕ್ಕದಿಂದ ಮಾತು ಶುರು ಮಾಡಿದರೂ ಅಡ್ಡಿಯಿಲ್ಲ.