ಉದುರುವ ಕೂದಲಿಗೆ ಮೂರು ತಿಂಗಳ ಹಿಂದಿನ ಉದ್ರಿ!

ಮಲ್ಲಸಮುದ್ರ: ಗದಗಿನಿಂದ ಮುಳಗುಂದದ ಹಾದಿ ಹಿಡಿದರೆ ಸಿಗುವ ಊರು ಮಲ್ಲಸಮುದ್ರ. 2015ರಲ್ಲಿ ಇಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಹೆಸರು ಗದಗ ವೈದ್ಯಕೀಯ ವಿಜ್ಞಾನ ಸಂಸ್ಥೆ. ಜನರ ಬಾಯಲ್ಲಿ ‘ಜಿಮ್ಸ್’. ಅಂದಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹೆಣ್ಣುಮಕ್ಕಳೂ ಆಸ್ಪತ್ರೆ ಚೀಟಿಗೆಂದು ಈ ಹಾದಿ ತುಳಿಯುತ್ತಾರೆ. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಕೂಸಿನ ಕೆಮ್ಮು ಎಲ್ಲ ಹೇಳಿಕೊಳ್ಳುತ್ತಾರೆ. ತಲೆಗೂದಲು ಉದುರುವ ಮಾತು ಮಾತ್ರ ಡಾಕ್ಟರ ಮುಂದೆ ಬಾಯಿಗೆ ಬರುವುದು ಕಡಿಮೆ. “ಅದೇನ್ ರೋಗ ಏನ್ರೀ, ಹೇಳ್ಕೊಳ್ಳಾಕ?” ಅನ್ನುವ ಸಂಕೋಚ.

ಆ ಮಾತು ನಡೆಯುವುದು ಬಸ್ಸಿನಲ್ಲಿ.

“ಏನ್ ಮಾಡಲಿ ಯಕ್ಕಾ, ಹಣಗಿ ಹಚ್ಚಿದರ ಸಾಕು, ಕೈತುಂಬ ಬರತಾವ.”

“ನೀರಿಂದ ಆಗಿರಬೇಕ ತಂಗಿ. ಎಣ್ಣಿ ಬದಲಿ ಮಾಡಿ ನೋಡು.”

ಎಣ್ಣೆ ಬದಲಾಗುತ್ತದೆ. ಆಮೇಲೆ ಸಾಬೂನು, ಆಮೇಲೆ ಶಾಂಪೂ. ಟಿ.ವಿ.ಯಲ್ಲಿ ಬಂದದ್ದು, ಪಕ್ಕದ ಮನೆಯವರು ಹೇಳಿದ್ದು, ಜಾತ್ರೆಯಲ್ಲಿ ಮೈಕು ಹಚ್ಚಿ ಮಾರಿದ್ದು, ಎಲ್ಲ ಬಾಟ್ಲಿಗಳೂ ಮಾಡದಲ್ಲಿ ಸಾಲಾಗಿ ನಿಲ್ಲುತ್ತವೆ. ಉದುರುವುದು ಉದುರುತ್ತಲೇ ಇರುತ್ತದೆ.

ಉದುರಿದ ಕೂದಲಿಗೂ ಬೆಲೆ ಇದೆ, ಗೊತ್ತೇ? ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರ ಕೂದಲ ವ್ಯಾಪಾರಕ್ಕೇ ಹೆಸರಾದ ಊರು. ಹಣಿಗೆಗೆ ಸಿಕ್ಕಿ ಉಂಡೆಯಾದ ಕೂದಲನ್ನು ಬಿಡಿಸುವುದು, ಉದ್ದ ನೋಡಿ ಬೇರೆ ಮಾಡುವುದು ಅಲ್ಲಿ ಎಷ್ಟೋ ಹೆಂಗಸರಿಗೆ ದಿನದ ಕೂಲಿ. ಆ ಸರಕು ಹೊರದೇಶಕ್ಕೂ ಹೋಗುತ್ತದೆ, ವಿಗ್ ಆಗುತ್ತದೆ. ಅಂದರೆ ಉದುರಿದ್ದಕ್ಕೆ ತೂಕ ಹಾಕುವವರಿದ್ದಾರೆ, ಬೆಲೆ ಕಟ್ಟುವವರಿದ್ದಾರೆ. ಯಾಕೆ ಉದುರಿತು ಎಂಬ ಲೆಕ್ಕ ಇಡುವವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ!

ಅಂಗಡಿಕಾರರಿಗೆ ತಿಳಿಯುವ ಲೆಕ್ಕ

ಈ ಲೆಕ್ಕ ಅಂಗಡಿ ಇಟ್ಟವರಿಗೆ ಬೇಗ ತಿಳಿಯುತ್ತದೆ. ಉದ್ರಿ ಒಯ್ದ ದಿನವೇ ಯಾರೂ ಹಣ ಕೊಡುವುದಿಲ್ಲ. ವಾಯಿದೆ ಬಂದಾಗ ಕೊಡಬೇಕು. ಕೂದಲಿನ ವಾಯಿದೆ ಸುಮಾರು ಮೂರು ತಿಂಗಳು.

ನಮ್ಮ ತಲೆಯ ಮೇಲೆ ಹತ್ತಿರ ಹತ್ತಿರ ಒಂದು ಲಕ್ಷ ಕೂದಲಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರು. ಆಮೇಲೆ ಬೆಳವಣಿಗೆ ನಿಲ್ಲಿಸಿ ಸುಮಾರು ಮೂರು ತಿಂಗಳು ಬುಡದಲ್ಲಿ ಸುಮ್ಮನೆ ಕೂಡುತ್ತದೆ. ನಂತರ ಉದುರುತ್ತದೆ, ಅದೇ ಜಾಗದಲ್ಲಿ ಹೊಸದು ಮೊಳೆಯುತ್ತದೆ. ಯಾವ ದಿನ ನೋಡಿದರೂ ನೂರರಲ್ಲಿ 85-90 ಕೂದಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ಎರಕೊಳ್ಳುವವರಿಗೆ ನಾಲ್ಕೈದು ದಿನದ್ದು ಒಮ್ಮೆಲೇ ಬಚ್ಚಲದಲ್ಲಿ ಕಾಣುತ್ತದೆ. ಅಷ್ಟಕ್ಕೇ ಎದೆ ಒಡೆದುಕೊಳ್ಳಬೇಕಿಲ್ಲ.

ಆದರೆ ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಸಂಗತಿ ಬೇರೆ. ಜೋರು ಜ್ವರ, ಡೆಂಗಿ, ಟೈಫಾಯಿಡ್, ಆಪರೇಷನ್, ಹೆರಿಗೆ, ಊಟ ಬಿಟ್ಟು ಮೈ ಇಳಿಸುವುದು, ಮನೆಯಲ್ಲಿ ಸಾವು, ಇಂಥದ್ದು ಬಂದಾಗ ದೇಹ ಮೊದಲು ಜೀವ ಉಳಿಸಿಕೊಳ್ಳಲು ನೋಡುತ್ತದೆ. ಕೂದಲು ಬೆಳೆಸುವ ಖರ್ಚು ಬಂದ್! ಬೆಳೆಯುತ್ತಿದ್ದ ಸಾವಿರಾರು ಕೂದಲು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಜ್ವರ ವಾಸಿಯಾಗಿ, ಮೈ ಚೇತರಿಸಿ, ಎಲ್ಲ ಮರೆತು ಹೋದ ಮೇಲೆ, ಎರಡು-ಮೂರು ತಿಂಗಳಿಗೆ ಅವೆಲ್ಲ ಕೂಡಿಯೇ ಉದುರುತ್ತವೆ. ಕೋವಿಡ್ ಬಂದು ಹೋದ 2020-21ರಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಆಯಿತು. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1961ರಲ್ಲಿಯೇ ಇದನ್ನು ವಿವರಿಸಿ, ‘ಟೆಲೋಜೆನ್ ಎಫ್ಲೂವಿಯಂ’ ಎಂದು ಹೆಸರಿಟ್ಟರು.

ಆದ್ದರಿಂದ ಕೂದಲು ವಿಪರೀತ ಉದುರತೊಡಗಿದರೆ ನಿನ್ನೆ ಹಚ್ಚಿದ ಎಣ್ಣೆಯನ್ನು ಬಯ್ಯುವ ಮೊದಲು ಕ್ಯಾಲೆಂಡರ್ ತಿರುವಿ ಹಾಕಿ. ಮೂರು ತಿಂಗಳ ಹಿಂದೆ ಏನಾಗಿತ್ತು? ಅನೇಕರಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಬಾಣಂತಿಯರ ಗಾಬರಿ

ಹೆಚ್ಚು ಹೆದರುವವರು ಬಾಣಂತಿಯರು. ಬಸುರಿನಲ್ಲಿ ಹಾರ್ಮೋನುಗಳ ಬಲದಿಂದ ಉದುರಬೇಕಾದ ಕೂದಲೂ ನಿಂತಿರುತ್ತದೆ. ಜಡೆ ದಪ್ಪ ಕಾಣುತ್ತದೆ. ಹೆರಿಗೆಯಾದ ಮೇಲೆ ಆ ಬಲ ಇಳಿಯುತ್ತದೆ. ಕೂಸಿಗೆ ಎರಡು-ನಾಲ್ಕು ತಿಂಗಳಾಗುವ ಹೊತ್ತಿಗೆ, ನಿಂತಿದ್ದ ಬಾಕಿಯೆಲ್ಲ ಸೇರಿ ಉದುರುತ್ತದೆ. ತವರಿನವರು “ಎಣ್ಣಿ ನೀರು ಸರಿ ಆಗಲಿಲ್ಲ” ಅನ್ನುತ್ತಾರೆ. ಅತ್ತೆ ಮನೆಯವರು “ಬಾಣಂತನ ಛಲೋ ಆಗಲಿಲ್ಲ” ಅನ್ನುತ್ತಾರೆ. ನಡುವೆ ಸಿಕ್ಕವಳು ಬಾಣಂತಿ! ಇದರಲ್ಲಿ ಯಾರ ತಪ್ಪೂ ಇಲ್ಲ. ಸಾಮಾನ್ಯವಾಗಿ ಕೂಸಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಕೂದಲು ಮೊದಲಿನ ಸ್ಥಿತಿಗೆ ಬರುತ್ತದೆ. ಹಣೆಯ ಅಂಚಿನಲ್ಲಿ ಗಿಡ್ಡ ಗಿಡ್ಡ ಹೊಸ ಕೂದಲು ಎದ್ದು ನಿಂತರೆ ಅದು ಒಳ್ಳೆಯ ಸೂಚನೆ.

ಆದರೆ ವರ್ಷವಾದರೂ ನಿಲ್ಲದಿದ್ದರೆ? ಆಗ ಬೇರೆ ಲೆಕ್ಕ ತೆಗೆಯಬೇಕು.

ನೀರಿನ ಮೇಲಿನ ಆಪಾದನೆ

ಗದಗ ಜಿಲ್ಲೆಯಲ್ಲಿ ಏನೇ ಆಗಲಿ, ಮೊದಲ ಆರೋಪಿ ನೀರು. ಅದಕ್ಕೆ ಕಾರಣವೂ ಇದೆ. ಕೊಳವೆ ಬಾವಿಯ ನೀರು ಗಡಸು. ಮುಂಡರಗಿ ಕಡೆ ಫ್ಲೋರೈಡಿನ ಕಾಟ ಹಳೆಯದು. ಫ್ಲೋರೈಡ್ ಹಲ್ಲು ಮತ್ತು ಎಲುಬನ್ನು ಕೆಡಿಸುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಜಿಡ್ಡು ಹೋಗುವುದಿಲ್ಲ, ಕೂದಲು ಒರಟಾಗಿ ತುಂಡಾಗುವುದುಂಟು. ತುಂಡಾಗುವುದು ಬೇರೆ, ಬುಡದಿಂದ ಬರುವುದು ಬೇರೆ.

ಇದನ್ನು ಮನೆಯಲ್ಲೇ ನೋಡಬಹುದು. ಉದುರಿದ ಕೂದಲನ್ನು ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಬಿಳಿ ಚುಕ್ಕಿಯಂಥ ಸಣ್ಣ ಗಂಟು ಇದ್ದರೆ ಅದು ಬುಡದಿಂದ ಬಂದದ್ದು, ಕಾರಣ ಒಳಗಿದೆ. ಗಂಟಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಾಗಿದ್ದರೆ ನೀರು, ಬಿಸಿ ಯಂತ್ರ, ಬಣ್ಣ, ಜೋರು ಬಾಚುವುದು, ಇವುಗಳ ಕಡೆ ನೋಡಬೇಕು.

ನೀರನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ನೆರೆರಾಜ್ಯದ ಉದಾಹರಣೆ ಇದೆ. 2024ರ ಕೊನೆಯಿಂದ 2025ರ ಜನವರಿಯವರೆಗೆ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಶೇಗಾಂವ ತಾಲೂಕಿನ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಹೆಂಗಸರು, ಗಂಡಸರು, ಹುಡುಗರೆನ್ನದೆ ಜನರ ತಲೆ ಬೋಳಾಯಿತು. ಮೊದಲು ಎಲ್ಲರ ಗುಮಾನಿ ನೀರಿನ ಮೇಲೆ. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ ಸೆಲೆನಿಯಂ ಎಂಬ ಧಾತು ಮಿತಿ ಮೀರಿ ಕಂಡಿತು. ವೈದ್ಯ ಹಿಮ್ಮತರಾವ್ ಬಾವಸ್ಕರ್ ರೇಷನ್ ಗೋಧಿಯತ್ತ ಬೊಟ್ಟು ಮಾಡಿದರು. ನಮ್ಮಲ್ಲಿ ಹಾಗೆ ಆಗಿದೆ ಎಂದಲ್ಲ. ಪರೀಕ್ಷೆ ಮಾಡದೆ ಕಾರಣ ತಿಳಿಯುವುದಿಲ್ಲ ಎಂಬುದಷ್ಟೇ ಇದರ ಪಾಠ.

ಕೊನೆಗೆ ಉಣ್ಣುವವಳ ರಕ್ತ

ಈಗ ಮುಖ್ಯ ಮಾತಿಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಅಂದರೆ ಬಸ್ಸಿನ ಎರಡು ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರೆ, ಹೆಚ್ಚುಕಡಿಮೆ ಒಬ್ಬರಿಗೆ!

ಗಂಡ, ಮಕ್ಕಳು, ಅತ್ತೆ-ಮಾವ ಉಂಡ ಮೇಲೆ ಉಳಿದ ಪಲ್ಯದಲ್ಲಿ ಇವಳ ಊಟ. ತಿಂಗಳ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋದರೂ “ಹೆಂಗಸರಿಗೆ ಇದ್ದದ್ದೇ” ಎಂದು ಸುಮ್ಮನಿರುವುದು. ಊಟದ ಬೆನ್ನಿಗೇ ಒಂದು ಕಪ್ ಚಹಾ. ಉಂಡದ್ದರಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಏಣಿ ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಸುಸ್ತು, ಉಗುರು ಬಿಳಿಚು. ಇವನ್ನೆಲ್ಲ ಆಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯವರೂ ಹಿಡಿಯುವುದಿಲ್ಲ. ಹಣಿಗೆಯಲ್ಲಿ ಕೂದಲು ಬಂದಾಗ ಮಾತ್ರ ಕಣ್ಣಿಗೆ ಕಾಣುತ್ತದೆ. ಕೂದಲು ಹೊಡೆಯುವ ಗಂಟೆ ಅದು. ಗಂಟೆಗೆ ಎಣ್ಣೆ ಹಚ್ಚಿದರೆ ಏನು ಬಂತು?

ಗರ್ಭಿಣಿಗೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ದಿನಕ್ಕೊಂದು ಕಬ್ಬಿಣದ ಗುಳಿಗೆ ಕೊಡಬೇಕು ಎಂಬುದು ಸರಕಾರದ ಕಾರ್ಯಕ್ರಮ. ಆಶಾ ಕಾರ್ಯಕರ್ತೆಯರು ತಂದು ಕೊಡುತ್ತಾರೆ, ಪುಕ್ಕಟೆ. “ಹೊಟ್ಟಿ ಕಟ್ಟತೈತಿ, ಮಲ ಕರ್ರಗ ಆಗತೈತಿ” ಎಂದು ಆ ಗುಳಿಗೆ ಎಷ್ಟೋ ಮನೆಗಳಲ್ಲಿ ಮಾಡದಲ್ಲೇ ಉಳಿಯುತ್ತದೆ, ಎಣ್ಣೆ ಬಾಟ್ಲಿಯ ಪಕ್ಕದಲ್ಲಿ! ಮಲ ಕಪ್ಪಾಗುವುದು ಕಬ್ಬಿಣದ ಗುಣ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ, ಡಾಕ್ಟರರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಿ.

ತಾಟಿನಲ್ಲಿಯೂ ದಾರಿ ಇದೆ. ಸಜ್ಜಿ ರೊಟ್ಟಿ, ಮಡಿಕೆಕಾಳು, ಹೆಸರುಕಾಳು, ಹಸಿರು ತಪ್ಪಲಪಲ್ಯ, ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ತಿನ್ನುವವರಿಗೆ ತತ್ತಿ, ಮಾಂಸ. ಚಹಾ ಬೇಕೇ ಬೇಕೆಂದರೆ ಊಟಕ್ಕೆ ಒಂದು ತಾಸು ಆಚೆ-ಈಚೆ. ರಕ್ತಹೀನತೆ ಆಗಲೇ ಬಂದಿದ್ದರೆ ತಾಟು ಒಂದೇ ಸಾಲದು, ಗುಳಿಗೆಯೂ ಬೇಕು.

ಯಾವ ಪರೀಕ್ಷೆ? ಯಾವಾಗ?

ಡಾಕ್ಟರರು ಸಾಮಾನ್ಯವಾಗಿ ನೋಡುವುದು ಮೂರು. ಒಂದು, ಹಿಮೋಗ್ಲೋಬಿನ್; ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಎರಡು, ಫೆರಿಟಿನ್, ಇದು ಮೈಯೊಳಗಿನ ಕಬ್ಬಿಣದ ದಾಸ್ತಾನು. ಗಲ್ಲೆಯಲ್ಲಿ ಹಣ ಕಂಡರೂ ಗೋದಾಮು ಖಾಲಿ ಇರುವಂತೆ, ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಇಳಿದಿರಬಹುದು. ಮೂರು, ಥೈರಾಯ್ಡ್, ಅದು ಹೆಚ್ಚಾದರೂ ಕಡಿಮೆಯಾದರೂ ಕೂದಲು ಉದುರುತ್ತದೆ.

ಇನ್ನು ಕೆಲವು ಚಿಹ್ನೆ ಕಂಡರೆ ತಡ ಮಾಡಬಾರದು. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ನೆತ್ತಿ ಕಂಡರೆ ಅದು ವಂಶದಿಂದ, ಹಾರ್ಮೋನಿನಿಂದ ಬರುವ ಬಗೆ. ತಾನಾಗಿ ನಿಲ್ಲುವುದಿಲ್ಲ, ಬೇಗ ಔಷಧ ಶುರು ಮಾಡಿದಷ್ಟೂ ಲಾಭ. ಜೊತೆಗೆ ಗದ್ದದ ಮೇಲೆ ಕೂದಲು, ಮುಟ್ಟು ಏರುಪೇರು ಇದ್ದರೆ ಅಂಡಾಶಯದ ತೊಂದರೆ ಇರಬಹುದು. ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾದರೆ, ತಲೆಯಲ್ಲಿ ಕೀವು, ಉರಿ, ಪೊರೆ ಎದ್ದರೆ ಚರ್ಮದ ಡಾಕ್ಟರರೇ ನೋಡಬೇಕು. ಚಿಕ್ಕಂದಿನಿಂದ ಬಿಗಿದು ಜಡೆ ಹಾಕಿದವರಿಗೆ ಹಣೆಯಂಚು, ಕಿವಿ ಮೇಲಿನ ಕೂದಲು ಸವೆಯುತ್ತದೆ. ಶಾಲೆಗೆ ಹೋಗುವ ಮಗಳ ಜಡೆ ಹೆಣೆಯುವ ತಾಯಂದಿರು ಸ್ವಲ್ಪ ಸಡಿಲ ಬಿಡಿ!

ಗಲ್ಲೆಯ ಮೇಲೆ ಕೂತವರಿಗೂ ಒಂದು ಮಾತು

ಕಿರಾಣಿ, ಔಷಧ ಅಂಗಡಿಯವರ ಮುಂದೆ ಹೆಣ್ಣುಮಕ್ಕಳು ನಂಬಿ ಕೇಳುತ್ತಾರೆ: “ಅಣ್ಣಾ, ಕೂದಲಕ್ಕ ಛಲೋದು ಏನೈತಿ ಕೊಡು.” ಎಣ್ಣೆ ಮಾರಬೇಡಿ ಎಂದು ಯಾರೂ ಹೇಳುವುದಿಲ್ಲ. ಎಣ್ಣೆ ಕೂದಲನ್ನು ಮೆದು ಮಾಡುತ್ತದೆ, ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ರಕ್ತದಲ್ಲಿ ಇಲ್ಲದ್ದನ್ನು ಅದು ತುಂಬಿಕೊಡಲಾರದು. ಬಯೋಟಿನ್ ಗುಳಿಗೆ ಈಗ ಬಹಳ ಓಡುತ್ತದೆ. ಬಯೋಟಿನ್ ಕೊರತೆ ಇರುವವರು ಅಪರೂಪ. ಮೇಲಾಗಿ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. ಮಿನೊಕ್ಸಿಡಿಲ್ ಎಂಬ ಹಚ್ಚುವ ಔಷಧ ಬೈತಲೆ ಅಗಲವಾದವರಿಗೆ ಕೆಲಸ ಮಾಡುತ್ತದೆ, ನಿಜ. ಆದರೆ ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ, ಬಸುರಿಯರು ಹಚ್ಚಲೇಬಾರದು. ಡಾಕ್ಟರರ ಚೀಟಿ ನೋಡಿ ಕೊಡುವುದು ಧರ್ಮ.

ಮನೆಯಲ್ಲಿ ಇಷ್ಟು ಮಾಡಿ: ಹೆದರಿ ತಲೆ ತೊಳೆಯುವುದು ನಿಲ್ಲಿಸಬೇಡಿ, ಉದುರಬೇಕಾದದ್ದು ಹೇಗೂ ಉದುರುತ್ತದೆ. ಒದ್ದೆ ಕೂದಲನ್ನು ಜಗ್ಗಿ ಬಾಚಬೇಡಿ. ಅಗಲ ಹಲ್ಲಿನ ಹಣಿಗೆ ಹಿಡಿದು ತುದಿಯಿಂದ ಶುರು ಮಾಡಿ ಬುಡದ ಕಡೆ ಬನ್ನಿ. ಔಷಧ ಶುರುವಾದ ಮೇಲೆ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ವಾರಕ್ಕೊಂದು ಎಣ್ಣೆ ಬದಲಿಸಿದವರು ಅಷ್ಟು ತಾಳ್ಮೆಯನ್ನು ಒಂದು ಗುಳಿಗೆಗೆ ತೋರಿಸಬಾರದೇ?

ಇನ್ನೊಮ್ಮೆ ಮಲ್ಲಸಮುದ್ರದ ಆಸ್ಪತ್ರೆಗೆ ಬಂದಾಗ ಕೂದಲಿನ ಮಾತನ್ನು ಮೊದಲೇ ಹೇಳಿ. ಮೂರು ತಿಂಗಳ ಹಿಂದಿನ ಜ್ವರ, ಹೆರಿಗೆ, ಮುಟ್ಟಿನ ದಿನಗಳು, ನುಂಗುವ ಗುಳಿಗೆಗಳು, ಎಲ್ಲ ಒಂದು ಚೀಟಿಯಲ್ಲಿ ಬರೆದು ತನ್ನಿ. ಮನೆಯ ಗಂಡಸರಿಗೂ ಒಂದು ಕೆಲಸವಿದೆ. ಈ ತಿಂಗಳು ಹೊಸ ಎಣ್ಣೆ ಬಾಟ್ಲಿ ತರುವ ಮೊದಲು, ಮನೆಯಾಕೆ ರಾತ್ರಿ ಏನು ಉಂಡಳು ಎಂದು ಒಮ್ಮೆ ಕೇಳಿ ನೋಡಿ.