ಸುಳ್ಳು ನೋವೋ, ನಿಜ ನೋವೋ? ಗಡಿಯಾರ ನೋಡಿ, ದಾರಿಯ ಲೆಕ್ಕ ಹಾಕಿ

"ಉಸ್ತಾದರೇ, ಮನೆಯವಳಿಗೆ ನೋವು ಶುರುವಾಗಿದೆ, ದುಆ ಮಾಡಿ" ಅಂತ ರಾತ್ರಿ ಹೊತ್ತು ಫೋನ್ ಬರುವುದು ಮದ್ರಸದಲ್ಲಿ ಓದಿಸುವ ನಮಗೆ ಹೊಸತಲ್ಲ. ದುಆ ಮಾಡುತ್ತೇವೆ. ಜೊತೆಗೆ ಎರಡು ಮಾತು ಕೇಳುತ್ತೇವೆ: ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ? ಗಾಡಿಗೆ ಹೇಳಿದ್ದೀರಾ? ಹೆಚ್ಚಿನವರ ಹತ್ತಿರ ಮೊದಲ ಪ್ರಶ್ನೆಗೆ ಉತ್ತರ ಇರುವುದಿಲ್ಲ. ನಾವು ವೈದ್ಯರಲ್ಲ. ಆದರೆ ಈ ಲೆಕ್ಕ ಇಡಲು ವೈದ್ಯರೇ ಆಗಬೇಕೆಂದಿಲ್ಲ, ಮನೆಯ ಗೋಡೆ ಗಡಿಯಾರ ಸಾಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕರಾವಳಿಯಿಂದ ಬಂದು ನೆಲೆಸಿದ ಮನೆಗಳಿಗೆ ಈ ವಿಷಯ ಇನ್ನೂ ಮುಖ್ಯ. ಊರಲ್ಲಾದರೆ ಉಮ್ಮ ಇರುತ್ತಾರೆ, ಪಕ್ಕದ ಮನೆಯ ಹಿರಿಯರು ಬಂದು ನೋಡುತ್ತಾರೆ. ಇಲ್ಲಿ ಗಂಡಸರು ಅಂಗಡಿಗೆ ಹೋದ ಮೇಲೆ ಹೆಂಗಸು ಒಬ್ಬಳೇ. ನೆರೆಯವರು "ಬ್ಯಾನಿ ಬಂದಾವೇನು?" ಅಂತ ಕೇಳಿದರೆ ಹೊಸದಾಗಿ ಬಂದವಳಿಗೆ ಮಾತೇ ಅರ್ಥವಾಗುವುದಿಲ್ಲ. ನಮ್ಮ ಪುಸ್ತಕದ 'ಬೇನೆ'ಯೇ ಇಲ್ಲಿನ ಬ್ಯಾನಿ, ಅಂದರೆ ಹೆರಿಗೆ ನೋವು.

ಸುಳ್ಳು ನೋವು ಅಂದರೆ ಏನು?

ಗರ್ಭಕೋಶ ಎಂಬುದು ಸ್ನಾಯುವಿನ ಚೀಲ. ಹೆರಿಗೆಗೆ ಬಹಳ ಮೊದಲೇ ಅದು ಆಗಾಗ ಬಿಗಿಯಾಗಿ, ಮತ್ತೆ ಸಡಿಲವಾಗುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್ 1872ರಲ್ಲಿ ಇದನ್ನು ವಿವರಿಸಿ ಬರೆದರು. ಡಾಕ್ಟರುಗಳು ಇಂದಿಗೂ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನಮ್ಮ ಹೆಂಗಸರು 'ಸುಳ್ಳು ನೋವು' ಅನ್ನುತ್ತಾರೆ. ಹೆಸರು ಸುಳ್ಳು ಅಂತ ಇದ್ದರೂ ಹೆಂಗಸು ಸುಳ್ಳು ಹೇಳುತ್ತಿಲ್ಲ. ಹೊಟ್ಟೆ ಗಟ್ಟಿಯಾಗುವುದು ನಿಜ, ಕಿರಿಕಿರಿಯೂ ನಿಜ. ಆದರೆ ಅದರಿಂದ ಗರ್ಭಕೋಶದ ಬಾಯಿ ತೆರೆಯುವುದಿಲ್ಲ, ಅಷ್ಟೇ.

ಸುಳ್ಳು ನೋವಿಗೆ ಲೆಕ್ಕ ಇರುವುದಿಲ್ಲ. ಒಮ್ಮೆ ಹತ್ತು ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೆ ಬರುತ್ತದೆ, ಮತ್ತೆ ನಿಂತೇ ಹೋಗುತ್ತದೆ. ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲೇ ಬಿಗಿತ. ಎದ್ದು ನಡೆದರೆ, ಎಡ ಮಗ್ಗುಲಾಗಿ ಮಲಗಿದರೆ, ಮೂತ್ರಕ್ಕೆ ಹೋಗಿ ಬಂದು ಎರಡು ಲೋಟ ನೀರು ಕುಡಿದರೆ ಕಡಿಮೆಯಾಗುತ್ತದೆ.

ನಿಜವಾದ ನೋವು ಹಾಗಲ್ಲ. ಅದು ಸಾಮಾನ್ಯವಾಗಿ ಸೊಂಟದ ಹಿಂದೆ ಶುರುವಾಗಿ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ. ನಡೆದರೂ ಮಲಗಿದರೂ ಬಿಡುವುದಿಲ್ಲ. ಹೊತ್ತು ಕಳೆದಂತೆ ನೋವಿನ ನಡುವಿನ ಅಂತರ ಕಡಿಮೆಯಾಗುತ್ತದೆ, ಒಂದೊಂದು ನೋವೂ ಹೆಚ್ಚು ಹೊತ್ತು ನಿಲ್ಲುತ್ತದೆ, ಬಿಗಿತ ಏರುತ್ತದೆ. ನೋವು ಬಂದಾಗ ಮಾತಾಡಲು ಆಗುವುದಿಲ್ಲ. ಕೆಲವರಿಗೆ ರಕ್ತದ ಎಳೆ ಬೆರೆತ ಲೋಳೆಯೂ ಹೋಗುತ್ತದೆ.

ಲೆಕ್ಕ ಇಡುವುದು ಹೇಗೆ?

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿನವರೆಗೆ ಎಷ್ಟು ನಿಮಿಷ? ಪ್ರತಿ ನೋವು ಎಷ್ಟು ಸೆಕೆಂಡು ನಿಂತಿತು? ಎರಡನ್ನೂ ಬರೆಯಿರಿ. ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ ನಿಲ್ಲುವ ನೋವು ಒಂದು ಗಂಟೆಯಿಂದ ಬರುತ್ತಿದ್ದರೆ ಆಸ್ಪತ್ರೆಗೆ ಹೊರಡಬೇಕು ಎಂಬುದು ಸಾಮಾನ್ಯ ಲೆಕ್ಕ.

ಆದರೆ ಈ ಲೆಕ್ಕ ಆಸ್ಪತ್ರೆ ಹತ್ತಿರ ಇರುವ ಚೊಚ್ಚಲ ಬಸುರಿಗೆ ಹೊಂದುತ್ತದೆ. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಗದಗಿನ ಜಿಮ್ಸ್ ಆಸ್ಪತ್ರೆಗೆ ಬರುವವರಿಗೆ ದಾರಿಗೇ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಗಾಡಿ ಸಿಗುವ ಹೊತ್ತು ಬೇರೆ. ಅವರು ಐದು ನಿಮಿಷದ ಅಂತರ ಬರುವವರೆಗೆ ಕಾಯಬಾರದು. ನೋವು ಒಂದು ಲೆಕ್ಕಕ್ಕೆ ಬಂತು ಅಂತ ಗೊತ್ತಾದ ಕೂಡಲೇ ಹೊರಡಬೇಕು. ಎರಡನೇ, ಮೂರನೇ ಹೆರಿಗೆ ಬೇಗ ಆಗುವುದರಿಂದ ಅವರು ಇನ್ನೂ ಬೇಗ. ಮೊದಲು ಸಿಸೇರಿಯನ್ ಆದವರು ಈ ಲೆಕ್ಕಕ್ಕೇ ಕೂರಬಾರದು, ನೋವು ಕಂಡ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಶಿರಹಟ್ಟಿ, ಮುಂಡರಗಿಯಲ್ಲಿ ತಾಲೂಕು ಆಸ್ಪತ್ರೆ ಇದೆ, ಲಕ್ಷ್ಮೇಶ್ವರದಲ್ಲೂ ಸರಕಾರಿ ಆಸ್ಪತ್ರೆ ಇದೆ. ಸುಳ್ಳೋ ನಿಜವೋ ಅಂತ ಸಂಶಯ ಇದ್ದರೆ ಮೊದಲು ಅಲ್ಲೇ ತೋರಿಸಬಹುದು.

ಇವುಗಳಿಗೆ ಲೆಕ್ಕ ಬೇಡ

ಕೆಲವು ಸಂದರ್ಭದಲ್ಲಿ ಗಡಿಯಾರ ನೋಡುತ್ತಾ ಕೂರುವಂತಿಲ್ಲ. ನೀರು ಹೋದರೆ, ನೋವಿಲ್ಲದಿದ್ದರೂ ಹೊರಡಿ. ಆ ನೀರು ಹಸಿರು ಅಥವಾ ಕಂದು ಬಣ್ಣ ಇದ್ದರೆ ಇನ್ನೂ ಅವಸರ. ರಕ್ತ ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಮುಖ-ಕೈ ಊದಿಕೊಳ್ಳುವುದು, ಜ್ವರ, ಫಿಟ್ಸ್, ಇವು ಯಾವ ತಿಂಗಳಲ್ಲಿ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. 37 ವಾರ ತುಂಬುವ ಮೊದಲೇ ಲೆಕ್ಕ ಹಿಡಿದು ನೋವು ಬಂದರೆ 'ಇನ್ನೂ ತಿಂಗಳಾಗಿಲ್ಲ, ಸುಳ್ಳು ನೋವೇ ಇರಬೇಕು' ಅಂತ ಸುಮ್ಮನಾಗಬೇಡಿ. ಅದು ಅವಧಿಗೆ ಮುಂಚಿನ ಹೆರಿಗೆ ಇರಬಹುದು. ಬೇಗ ಹೋದರೆ ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಇಂಜೆಕ್ಷನ್‌ಗೆ ಸಮಯ ಸಿಗುತ್ತದೆ.

ನೀರು, ಬಿಸಿಲು, ನೋಂಬು

ಮೈಯಲ್ಲಿ ನೀರು ಕಡಿಮೆಯಾದರೆ ಸುಳ್ಳು ನೋವು ಹೆಚ್ಚುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುವುದು ಕಾಣುತ್ತದೆ, ನೀರು ಕುಡಿಯುತ್ತೇವೆ. ಗದಗಿನ ಒಣ ಬಿಸಿಲಲ್ಲಿ ಬೆವರು ಅಲ್ಲೇ ಆರಿ ಹೋಗುತ್ತದೆ, ಮೈ ಒಣಗಿದ್ದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಬಸುರಿಯ ಹತ್ತಿರ ನೀರಿನ ಚೊಂಬು ಇರಲೇಬೇಕು. ಉರಿಮೂತ್ರ ಇದ್ದರೂ ಹೊಟ್ಟೆ ಬಿಗಿಯುವುದುಂಟು, ಅದಕ್ಕೆ ಡಾಕ್ಟರ ಔಷಧವೇ ಬೇಕು. ರಮಳಾನಿನಲ್ಲಿ ತನಗೋ ಮಗುವಿಗೋ ತೊಂದರೆಯಾದೀತು ಎಂಬ ಭಯ ಇರುವ ಬಸುರಿಗೆ ದೀನಿನಲ್ಲೇ ರಿಯಾಯಿತಿ ಇದೆ, ಬಿಟ್ಟ ನೋಂಬನ್ನು ಆಮೇಲೆ ಹಿಡಿದು ತೀರಿಸಬಹುದು. ಆ ರಿಯಾಯಿತಿಯನ್ನು ಬಳಸಿಕೊಳ್ಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಜೀರಿಗೆ ಕಷಾಯ ಕೊಟ್ಟು ನೋಡುವ ವಾಡಿಕೆ ಹಲವು ಮನೆಗಳಲ್ಲಿದೆ. ಒಂದು ಲೋಟ ಕುಡಿಸಿದರೆ ತೊಂದರೆಯಿಲ್ಲ. ಆದರೆ ಕಷಾಯ ಕೊಟ್ಟು 'ನೋಡೋಣ' ಅಂತ ಬೆಳಗಿನವರೆಗೆ ಕಾಯುವುದು ತಪ್ಪು. ನೋವು ಬರಲಿ ಅಂತ ಹರಳೆಣ್ಣೆ ಕುಡಿಸುವುದು, ಮನೆಗೆ ಯಾರನ್ನೋ ಕರೆಸಿ ನೋವು ಬರಿಸುವ ಇಂಜೆಕ್ಷನ್ ಹಾಕಿಸುವುದು ಬೇಡವೇ ಬೇಡ. ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ.

ಚೊಚ್ಚಲ ಹೆರಿಗೆಗೆ ಉಮ್ಮನ ಮನೆಗೆ ಕಳುಹಿಸುವವರೂ ನೆನಪಿಡಬೇಕು. ಇಲ್ಲಿಂದ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಮಂಗಳೂರು ಸೇರಲು ಒಂದು ಇಡೀ ರಾತ್ರಿ ಬೇಕು. ಡಾಕ್ಟರನ್ನು ಕೇಳಿ ಮೊದಲೇ ಕಳುಹಿಸಿ. ಹೊಟ್ಟೆ ಬಿಗಿಯುತ್ತಿರುವಾಗ 'ಊರಿಗೇ ಹೋಗಿಬಿಡೋಣ' ಅಂತ ಬಸ್ ಹತ್ತಿಸಬೇಡಿ. ಎಲ್ಲಿಗೆ ಹೋದರೂ ತಾಯಿ ಕಾರ್ಡ್ ಜೊತೆಗಿರಲಿ.

ಯಾರ ಅಪ್ಪಣೆಗೆ ಕಾಯಬೇಕು?

2018-20ರ ಸರಕಾರಿ ಅಂಕಿಅಂಶದ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ ಅದು 19. ತಾಯಂದಿರ ಸಾವಿನ ಹಿಂದೆ ಮೂರು ತಡ ಇರುತ್ತದೆ ಎಂದು ಆರೋಗ್ಯ ತಜ್ಞರು ಹೇಳುತ್ತಾರೆ: ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ಆಸ್ಪತ್ರೆ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಮೊದಲನೆಯದು ಪೂರ್ತಿ ನಮ್ಮ ಮನೆಯೊಳಗಿನದು. ಗಂಡ ಅಂಗಡಿ ಮುಚ್ಚಿ ಬರಲಿ, ಗಲ್ಫಿನಿಂದ ಫೋನ್ ಬರಲಿ, ಅತ್ತೆ ಹೂಂ ಅನ್ನಲಿ ಅಂತ ಕಾಯುವ ತಡ ಅದು. ಇನ್ನೊಂದು ನಾಚಿಕೆಯ ತಡ. ಒಮ್ಮೆ ಆಸ್ಪತ್ರೆಗೆ ಹೋಗಿ 'ಸುಳ್ಳು ನೋವು' ಅಂತ ವಾಪಸು ಬಂದವಳನ್ನು ಮನೆಯವರು ಆಡಿಕೊಂಡರೆ, ಎರಡನೇ ಸಲ ಅವಳು ನಿಜವಾದ ನೋವನ್ನೂ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾಳೆ. ಎರಡು ಸಲ ಸುಮ್ಮನೆ ಹೋಗಿ ಬಂದರೆ ನಷ್ಟವಾಗುವುದು ಗಾಡಿ ಬಾಡಿಗೆ ಮಾತ್ರ.

ಆದ್ದರಿಂದ ಎಂಟನೇ ತಿಂಗಳಲ್ಲೇ ಮನೆಯವರು ಕೂತು ಮಾತಾಡಿಕೊಳ್ಳಿ. ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಬರುವ ಹೆಂಗಸು ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂದು ನಿರ್ಧರಿಸಿಕೊಳ್ಳಿ. ಅಂಬ್ಯುಲೆನ್ಸ್‌ನ 108, ಆಶಾ ಕಾರ್ಯಕರ್ತೆ ಮತ್ತು ಗಾಡಿಯವರ ನಂಬರ್‌ಗಳನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಮನೆಯಲ್ಲಿ ಉಳಿಯಬೇಕಾಗಿಲ್ಲ. ಗಂಡಸರೇ, ನೀವು ಅಂಗಡಿಗೆ ಹೊರಡುವ ಮೊದಲು ಬಸುರಿಯ ಕೈಗೆ ಸ್ವಲ್ಪ ಹಣ ಕೊಟ್ಟು, "ನಾನು ಬರುವವರೆಗೆ ಕಾಯಬೇಡ, ನೋವು ಲೆಕ್ಕಕ್ಕೆ ಬಂದರೆ ಹೊರಡು" ಅಂತ ಹೇಳಿ ಹೋಗಿ.